ತಜ್ಞರ ಉತ್ತರ: ಬೀಗಲ್ ಹಡಗಿನ ಫಿಟ್ಜ್‌ರಾಯ್ ವೈಸ್ ಅಡ್ಮಿರಲ್ ಆದದ್ದು ಹೇಗೆ?

ಪ್ರಶ್ನೆ: ಡಾರ್ವಿನ್ ಬಗ್ಗೆ ಓದುವಾಗಲೆಲ್ಲ ಬೀಗಲ್ ಹಡಗಿನ ಕ್ಯಾಪ್ಟನ್ ರಾಬರ್ಟ್ ಫಿಟ್ಜ್‌ರಾಯ್ ಹೆಸರು ಬರುತ್ತದೆ. 23ನೇ ವಯಸ್ಸಿಗೇ ಆತನ ಕೈಗೆ ಹಡಗು ಹೇಗೆ ಬಂತು? 45 ತುಂಬುವ ಮೊದಲೇ ಸಮುದ್ರಸೇವೆ ಬಿಟ್ಟವನು ವೈಸ್ ಅಡ್ಮಿರಲ್ ಹೇಗಾದ? ಬ್ರಿಟನ್ನಿನ ಹವಾಮಾನ ಇಲಾಖೆ ಕಟ್ಟಿದ್ದು ಆತನೇ ಎನ್ನುವುದು ನಿಜವೇ? ಬೆಂಗಳೂರಿನ ನಮ್ಮ ಮನೆಯಲ್ಲಿ ಆತನ ಹೆಸರಿನ ಹಳೆಯ ಬ್ಯಾರೋಮೀಟರ್ (ವಾಯುಭಾರ ಅಳೆಯುವ ಉಪಕರಣ) ಒಂದಿದೆ. ಅದರ ಪಾದರಸ ಯಾವಾಗಲೂ ಬಿರುಗಾಳಿಯ ಗುರುತಿಗಿಂತ ಕೆಳಗೇ ಇರುತ್ತದೆ. ಅದು ಕೆಟ್ಟಿದೆಯೇ?

ಉತ್ತರ: ಫಿಟ್ಜ್‌ರಾಯ್‌ನನ್ನು ಡಾರ್ವಿನ್‌ನ ಪಕ್ಕದಲ್ಲಿ ನಿಲ್ಲಿಸಿ ನೋಡುವುದು ರೂಢಿಯಾಗಿಬಿಟ್ಟಿದೆ. 1818ರಲ್ಲಿ ಶುರುವಾಗಿ 1865ರಲ್ಲಿ ಮುಗಿದ ಆತನ ಸೇವೆಯಲ್ಲಿ ಡಾರ್ವಿನ್ ಜತೆಗಿದ್ದದ್ದು ಐದು ವರ್ಷ ಮಾತ್ರ. ಅಳತೆ ಸರಿಯಾಗಿದ್ದು ಅದು ಹೊತ್ತಿಗೆ ಸರಿಯಾಗಿ ನಾವಿಕನಿಗೆ ಮುಟ್ಟಿದರೆ ಜೀವ ಉಳಿಯುತ್ತದೆ ಎಂಬ ನಂಬಿಕೆ ಆ ಇಡೀ ಸೇವೆಯನ್ನು ಹಿಡಿದು ನಿಲ್ಲಿಸಿತ್ತು. ಅದಕ್ಕಾಗಿ ಆತ ತನ್ನ ಆಸ್ತಿಯನ್ನೂ ಆರೋಗ್ಯವನ್ನೂ ತೆತ್ತ. ನನ್ನ ದೃಷ್ಟಿಯಲ್ಲಿ ಆತನ ದೊಡ್ಡ ಕೆಲಸ ನಡೆದದ್ದು ಬೀಗಲ್‌ನ ಅಟ್ಟದ (ಡೆಕ್) ಮೇಲಲ್ಲ, ಲಂಡನ್ನಿನ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ.

ಮೊದಲು ಬಡ್ತಿಯ ವಿಷಯ. ಆಗಿನ ಬ್ರಿಟಿಷ್ ನೌಕಾಪಡೆಯಲ್ಲಿ ಲೆಫ್ಟಿನೆಂಟ್ ಆಗಲು ವಯಸ್ಸು 19 ಆಗಿರಬೇಕು, ಆರು ವರ್ಷದ ಸೇವೆ ಆಗಿರಬೇಕು, ಪರೀಕ್ಷೆ ಪಾಸಾಗಿರಬೇಕು. ಪಾಸಾದವರಿಗೆಲ್ಲ ಕೆಲಸವಿತ್ತೇ ಎಂದರೆ ಇಲ್ಲ. 1815ರಲ್ಲಿ ನೆಪೋಲಿಯನ್ ಯುದ್ಧ ಮುಗಿದ ಮೇಲೆ ಒಂದೂವರೆ ಲಕ್ಷದ ಹತ್ತಿರವಿದ್ದ ನೌಕಾಪಡೆಯನ್ನು ಕೆಲವೇ ವರ್ಷಗಳಲ್ಲಿ ಇಪ್ಪತ್ತು ಸಾವಿರದ ಆಸುಪಾಸಿಗೆ ಇಳಿಸಿದರು. ನಾವಿಕರನ್ನು ಮನೆಗೆ ಕಳಿಸಬಹುದಿತ್ತು, ಅಧಿಕಾರಿಗಳನ್ನು ಕಳಿಸುವಂತಿರಲಿಲ್ಲ. ನಿವೃತ್ತಿ ಎಂಬ ವ್ಯವಸ್ಥೆಯೇ ಸರಿಯಾಗಿರಲಿಲ್ಲ. ಸಾವಿರಾರು ಲೆಫ್ಟಿನೆಂಟರು ಅರ್ಧ ಸಂಬಳ ಪಡೆಯುತ್ತ ದಡದಲ್ಲೇ ತಲೆ ನರೆಸಿಕೊಂಡರು. ಈ ಗುಂಪಿನಿಂದ ಮೇಲೇಳಲು ಪ್ರತಿಭೆ ಬೇಕಿತ್ತು, ವಶೀಲಿಯೂ ಬೇಕಿತ್ತು.

ಫಿಟ್ಜ್‌ರಾಯ್‌ಗೆ ಎರಡೂ ಇದ್ದವು. 1805ರ ಜುಲೈ 5ರಂದು ಸಫಕ್ ಸೀಮೆಯ ಆಂಪ್ಟನ್ ಹಾಲ್‌ನಲ್ಲಿ ಹುಟ್ಟಿದ ಈತ ಪ್ರಧಾನಿಯಾಗಿದ್ದ ಮೂರನೇ ಗ್ರಾಫ್ಟನ್ ಡ್ಯೂಕ್‌ನ ಮೊಮ್ಮಗ. ವಿದೇಶಾಂಗ ಸಚಿವ ಕ್ಯಾಸಲ್‌ರೇ ಸೋದರಮಾವ. 1818ರಲ್ಲಿ, 12ನೇ ವಯಸ್ಸಿನಲ್ಲಿ ಪೋರ್ಟ್ಸ್‌ಮತ್‌ನ ರಾಯಲ್ ನೇವಲ್ ಕಾಲೇಜು ಸೇರಿದ. ಹಡಗಿನಲ್ಲೇ ಎಲ್ಲವನ್ನೂ ಕಲಿತು ಬರುತ್ತಿದ್ದ ಕಾಲದಲ್ಲಿ ಗಣಿತ, ಖಗೋಳ, ನಕ್ಷೆಗಾರಿಕೆಯನ್ನು ತರಗತಿಯಲ್ಲಿ ಕೂತು ಕಲಿತವರು ಕಡಿಮೆ. 1824ರಲ್ಲಿ ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದ; ಹಾಗೆ ಪಡೆದವರಲ್ಲಿ ಆತನೇ ಮೊದಲಿಗ.

ಹಡಗು ಕೈಗೆ ಬಂದದ್ದು ಒಂದು ಸಾವಿನಿಂದ. ದಕ್ಷಿಣ ಅಮೆರಿಕದ ತುದಿಯ ಕರಾವಳಿಯನ್ನು ಅಳೆಯುತ್ತಿದ್ದ ಬೀಗಲ್‌ನ ಮುಖ್ಯಸ್ಥ ಪ್ರಿಂಗಲ್ ಸ್ಟೋಕ್ಸ್ ಚಳಿ, ಮಳೆ, ಏಕಾಂತಗಳಿಗೆ ಮನಸ್ಸು ಕುಸಿದು 1828ರ ಆಗಸ್ಟ್‌ನಲ್ಲಿ ಪೋರ್ಟ್ ಫ್ಯಾಮಿನ್ ಎಂಬಲ್ಲಿ ಪ್ರಾಣ ಕಳೆದುಕೊಂಡ. ಸರ್ವೆ ತಂಡದ ಹಿರಿಯ ಕ್ಯಾಪ್ಟನ್ ಫಿಲಿಪ್ ಪಾರ್ಕರ್ ಕಿಂಗ್ ಆ ಜಾಗಕ್ಕೆ ತನ್ನದೇ ತಂಡದ ಲೆಫ್ಟಿನೆಂಟ್ ಸ್ಕೈರಿಂಗ್‌ನನ್ನು ಕೂರಿಸಿದ್ದ. ಆದರೆ ಸಾವಿನಿಂದ ತೆರವಾದ ಸ್ಥಾನವನ್ನು ತುಂಬುವ ಹಕ್ಕು ವಿದೇಶಿ ನೆಲೆಯ ಮುಖ್ಯ ಅಡ್ಮಿರಲ್‌ನದು. ರಿಯೊ ಡಿ ಜನೈರೊದಲ್ಲಿದ್ದ ರಿಯರ್ ಅಡ್ಮಿರಲ್ ರಾಬರ್ಟ್ ಆಟ್ವೆ ತನ್ನ ಫ್ಲ್ಯಾಗ್ ಲೆಫ್ಟಿನೆಂಟ್ (ಅಡ್ಮಿರಲ್‌ನ ಆಪ್ತ ಅಧಿಕಾರಿ) ಆಗಿದ್ದ ಫಿಟ್ಜ್‌ರಾಯ್‌ನನ್ನು ಕಳಿಸಿದ. ಸ್ಕೈರಿಂಗ್‌ಗೆ ಅನ್ಯಾಯವಾಯಿತು ಎನ್ನದೆ ವಿಧಿಯಿಲ್ಲ. ಆಗ ಫಿಟ್ಜ್‌ರಾಯ್‌ಗೆ ಸಿಕ್ಕ ದರ್ಜೆ ಕಮಾಂಡರ್. ಹಡಗು ನಡೆಸುವವನನ್ನು ಗೌರವಕ್ಕೆ ಕ್ಯಾಪ್ಟನ್ ಎಂದು ಕರೆಯುವುದು ವಾಡಿಕೆ. ಡಾರ್ವಿನ್ ಜತೆ ಹೊರಟಾಗಲೂ ಆತ ಕಮಾಂಡರ್; ದರ್ಜೆಯಲ್ಲೂ ಕ್ಯಾಪ್ಟನ್ ಆದದ್ದು 1834ರಲ್ಲಿ.

ಮುಂದಿನದನ್ನೆಲ್ಲ ತಿಳಿಯಲು 1829ರ ಜನವರಿಯ ಒಂದು ಘಟನೆ ಬೇಕು. ಉರುಗ್ವೆಯ ಮಾಲ್ಡೊನಾಡೊ ಬಳಿ ಪಾಂಪೆರೊ ಎಂಬ ಬಿರುಗಾಳಿ ಬೀಗಲ್ ಮೇಲೆರಗಿತು. ಹಾಯಿಕಂಬಗಳ ಮೇಲುಭಾಗ ಮುರಿದು ಬಿತ್ತು, ಇಬ್ಬರು ನಾವಿಕರು ಮುಳುಗಿದರು. ಬಿರುಗಾಳಿಯ ಸೂಚನೆಯಾಗಿ ಬ್ಯಾರೋಮೀಟರ್ ಮೊದಲೇ ಇಳಿದಿತ್ತು. ಹೊಸ ಕಮಾಂಡರ್ ಅದಕ್ಕೆ ಬೆಲೆ ಕೊಡಲಿಲ್ಲ. ಆ ತಪ್ಪನ್ನು ಆತ ಎಂದೂ ಮರೆಯಲಿಲ್ಲ.

ಅದೇ ಪಯಣದ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. 1830ರಲ್ಲಿ ದಕ್ಷಿಣ ಅಮೆರಿಕದ ತುದಿಯ ದ್ವೀಪಗಳಾದ ಟಿಯೆರಾ ಡೆಲ್ ಫ್ಯೂಗೊದಲ್ಲಿ ಸರ್ವೆ ದೋಣಿಯೊಂದು ಕಳುವಾಯಿತು. ಅದನ್ನು ಮರಳಿ ಪಡೆಯಲು ಆತ ಸ್ಥಳೀಯರನ್ನು ಒತ್ತೆ ಹಿಡಿದ. ದೋಣಿ ಸಿಗಲಿಲ್ಲ. ಕೊನೆಗೆ ಒತ್ತೆಯಾಳುಗಳೂ ಸೇರಿ ನಾಲ್ವರನ್ನು ಇಂಗ್ಲೆಂಡಿಗೆ ಕರೆದೊಯ್ದ. ಒಬ್ಬ ಸಿಡುಬಿನಿಂದ ಸತ್ತ. ಉಳಿದ ಮೂವರಿಗೆ ಓದು ಕಲಿಸಿ, ಮರಳಿ ಬಿಡುವ ಹೊಣೆ ಹೊತ್ತು, ಕೈಯಿಂದ ಖರ್ಚು ಮಾಡಿದ. ಉದ್ದೇಶ ಒಳ್ಳೆಯದಿತ್ತು ಎಂಬ ಮಾತು ಮನುಷ್ಯರನ್ನು ಹಿಡಿದೊಯ್ದದ್ದನ್ನು ಸರಿ ಮಾಡುವುದಿಲ್ಲ. ಆದರೆ ಅವರನ್ನು ಊರಿಗೆ ಮುಟ್ಟಿಸಬೇಕೆಂಬ ಹಟವೂ ಎರಡನೇ ಪಯಣಕ್ಕೆ ಒಂದು ಕಾರಣವಾಯಿತು ಎಂಬುದನ್ನು ಮರೆಯಬಾರದು.

ಎರಡನೇ ಪಯಣ 1831ರ ಡಿಸೆಂಬರ್ 27ರಿಂದ 1836ರ ಅಕ್ಟೋಬರ್ 2ರವರೆಗೆ. ಬೀಗಲ್ ಸಣ್ಣ ಹಡಗು: ಉದ್ದ ಸುಮಾರು 90 ಅಡಿ, ಅಗಲ ಸುಮಾರು 24 ಅಡಿ. ಇದೇ ಬಗೆಯ ಹಡಗುಗಳಿಗೆ ಒಂದು ಕೆಟ್ಟ ಗುಣವಿತ್ತು. ಅಂಚು ಎತ್ತರ, ಒಳಗೆ ಅಟ್ಟ ತಗ್ಗು. ಅಲೆ ಹತ್ತಿ ಬಂದ ನೀರು ಬೇಗ ಹರಿದು ಹೋಗದೆ ಅಟ್ಟದ ಮೇಲೇ ನಿಂತು ಹಡಗನ್ನು ಉರುಳಿಸುತ್ತಿತ್ತು. ಫಿಟ್ಜ್‌ರಾಯ್ ಒತ್ತಾಯಿಸಿ ಅಟ್ಟವನ್ನು ಹಿಂದೆ 8 ಇಂಚು, ಮುಂದೆ 12 ಇಂಚು ಎತ್ತರಿಸಿದ. ಅಟ್ಟ ಮೇಲೇರಿದಷ್ಟೂ ಅದರ ಮೇಲೆ ನಿಲ್ಲುವ ನೀರು ಕಡಿಮೆ, ಒಳಗಿನ ಜಾಗವೂ ಹೆಚ್ಚು.

ನೌಕಾಪಡೆಯ ನಕ್ಷೆ ವಿಭಾಗದ ಮುಖ್ಯಸ್ಥ ಫ್ರಾನ್ಸಿಸ್ ಬೋಫರ್ಟ್ ಕೊಟ್ಟ ಕೆಲಸಗಳಲ್ಲಿ ಮುಖ್ಯವಾದದ್ದು ರೇಖಾಂಶ. ರಿಯೊ ಡಿ ಜನೈರೊದ ರೇಖಾಂಶವನ್ನು ಬೇರೆ ಬೇರೆ ಸರ್ವೆಗಾರರು ಬೇರೆ ಬೇರೆಯಾಗಿ ಕೊಟ್ಟಿದ್ದರು. ರಿಯೊ ತಪ್ಪಾದರೆ ಅದನ್ನು ಆಧಾರವಾಗಿಟ್ಟು ಗುರುತಿಸಿದ ಇಡೀ ಕರಾವಳಿಯೇ ತಪ್ಪು. ರೇಖಾಂಶದ ಲೆಕ್ಕ ಗಡಿಯಾರದ್ದು: ಹೊರಟ ಊರಿನ ಹೊತ್ತಿಗೂ ಹಡಗಿರುವ ಜಾಗದ ಹೊತ್ತಿಗೂ ಇರುವ ಅಂತರವೇ ರೇಖಾಂಶದ ಅಂತರ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹಾಗಾಗಿ ಗಡಿಯಾರದಲ್ಲಿ 4 ಸೆಕೆಂಡಿನ ತಪ್ಪು ಸಮಭಾಜಕದ ಬಳಿ ಸುಮಾರು 1.85 ಕಿಲೋಮೀಟರ್ ತಪ್ಪು. ದಿನಕ್ಕೆ 4 ಸೆಕೆಂಡು ಗೊತ್ತಿಲ್ಲದಂತೆ ತಪ್ಪುವ ಗಡಿಯಾರ ತಿಂಗಳಲ್ಲಿ ಹಡಗನ್ನು 55 ಕಿಲೋಮೀಟರ್ ಆಚೆ ಕೂರಿಸುತ್ತದೆ.

ಅದಕ್ಕೇ ಬೀಗಲ್‌ನಲ್ಲಿ ಕಡಲ ಪಯಣದ ನಿಖರ ಗಡಿಯಾರಗಳಾದ 22 ಕ್ರೊನೋಮೀಟರ್‌ಗಳಿದ್ದವು. 11 ಸರ್ಕಾರದ್ದು, 6 ಫಿಟ್ಜ್‌ರಾಯ್‌ನ ಸ್ವಂತದ್ದು, ಉಳಿದವು ಕಡ ತಂದದ್ದು. ಇಷ್ಟೊಂದು ಏಕೆ? ಒಂದೇ ಇದ್ದರೆ ಅದು ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಎರಡಿದ್ದರೆ ತಪ್ಪಿದೆ ಎಂದು ಗೊತ್ತಾಗುತ್ತದೆ, ಯಾವುದು ಎಂದು ಗೊತ್ತಾಗುವುದಿಲ್ಲ. ಹಲವಿದ್ದಾಗ ಗುಂಪು ಬಿಟ್ಟು ನಡೆದದ್ದನ್ನು ಹಿಡಿದು ಪಕ್ಕಕ್ಕಿಡಬಹುದು. ಪ್ರತಿಯೊಂದೂ ತನ್ನ ಪೆಟ್ಟಿಗೆಯೊಳಗೆ ತೂಗುವ ಉಂಗುರಗಳಲ್ಲಿ ನಿಂತಿತ್ತು. ಪೆಟ್ಟಿಗೆಗಳ ಅಡಿಗೂ ಸುತ್ತಲೂ ಸುಮಾರು ಮೂರು ಇಂಚು ಮರದ ಹೊಟ್ಟು. ಉಂಗುರ ಹಡಗಿನ ಓಲಾಟವನ್ನು ತಡೆದರೆ ಹೊಟ್ಟು ಅದುರನ್ನು ಹೀರುತ್ತದೆ. ಸಣ್ಣ ಕೋಣೆಯಲ್ಲಿಟ್ಟ ಅವನ್ನು ಪಯಣ ಮುಗಿಯುವವರೆಗೆ ಜಾಗ ಕದಲಿಸಲಿಲ್ಲ. ಕೀಲಿ ಕೊಡುವವರು, ಹೋಲಿಸಿ ನೋಡುವವರು ಬಿಟ್ಟರೆ ಬೇರೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ದಿನಾ ಬೆಳಿಗ್ಗೆ 9ಕ್ಕೆ ಕೀಲಿ, ಮಧ್ಯಾಹ್ನ 12ಕ್ಕೆ ಹೋಲಿಕೆ. ಹೊತ್ತು ತಪ್ಪಿಸಿ ಕೀಲಿ ಕೊಟ್ಟರೆ ಸ್ಪ್ರಿಂಗಿನ ಬೇರೆ ಭಾಗ ಕೆಲಸಕ್ಕೆ ಬಂದು ನಡೆ ಬದಲಾಗುತ್ತದೆ. ಇವನ್ನು ನೋಡಿಕೊಳ್ಳಲೆಂದೇ ಉಪಕರಣ ತಯಾರಕ ಜಾರ್ಜ್ ಸ್ಟೆಬಿಂಗ್‌ನನ್ನು ಫಿಟ್ಜ್‌ರಾಯ್ ಸ್ವಂತ ಖರ್ಚಿನಲ್ಲಿ ಕರೆದೊಯ್ದ.

ಬ್ರೆಜಿಲ್‌ನ ಬಾಹಿಯಾ ಮತ್ತು ರಿಯೊ ನಡುವೆ ಆತನ ಅಳತೆಗೂ ಫ್ರೆಂಚ್ ಸರ್ವೆಗಾರ ರೂಸಾಂನ ಅಳತೆಗೂ ನಾಲ್ಕು ಮೈಲಿಗಿಂತ ಹೆಚ್ಚು ವ್ಯತ್ಯಾಸ ಬಂತು. ಬೇರೆಯವರಾಗಿದ್ದರೆ ಸರಾಸರಿ ತೆಗೆದು ಮುಂದೆ ಹೋಗುತ್ತಿದ್ದರು. ಈತ ಹಡಗನ್ನು ಬಾಹಿಯಾಕ್ಕೆ ಹಿಂದಿರುಗಿಸಿ ಮತ್ತೆ ಅಳೆದ. ತನ್ನದೇ ಸರಿ ಎಂದು ಖಚಿತವಾಯಿತು. ಭೂಮಿಯನ್ನು ಸುತ್ತಿ ಬಂದು ಎಲ್ಲ ತುಂಡುಗಳನ್ನು ಕೂಡಿಸಿದಾಗ 24 ಗಂಟೆ ಬರಬೇಕಾದಲ್ಲಿ ಬಂದದ್ದು 24 ಗಂಟೆ 33 ಸೆಕೆಂಡು. ಸಮಭಾಜಕದ ಲೆಕ್ಕದಲ್ಲಿ ಇದು 40,000 ಕಿಲೋಮೀಟರ್ ಸುತ್ತಳತೆಗೆ ಸುಮಾರು 15 ಕಿಲೋಮೀಟರ್. ಹಾಯಿಹಡಗಿನಲ್ಲಿ ಐದು ವರ್ಷ ಕುಲುಕಾಡಿದ ಗಡಿಯಾರಗಳಿಂದ ಇಷ್ಟು ಪಡೆದದ್ದು ನನಗೆ ಇಂದಿಗೂ ಬೆರಗು.

ಆತ ಎಡವಿದ್ದು ಹಣದ ವಿಷಯದಲ್ಲಿ. ಆಳವಿಲ್ಲದ ದಂಡೆಗಳಿಗೆ ಬೀಗಲ್ ಹೋಗುವಂತಿರಲಿಲ್ಲ. ಮೇಲಿನವರ ಒಪ್ಪಿಗೆಗೆ ಪತ್ರ ಬರೆದರೆ ಉತ್ತರ ಬರಲು ತಿಂಗಳುಗಳೇ ಬೇಕು. ಆತ ಕಾಯಲಿಲ್ಲ. ತಿಂಗಳಿಗೆ 140 ಪೌಂಡ್ ಬಾಡಿಗೆಗೆ ಎರಡು ಸಣ್ಣ ದೋಣಿ ಹಿಡಿದ. 1833ರಲ್ಲಿ ಫಾಕ್‌ಲ್ಯಾಂಡ್ಸ್‌ನಲ್ಲಿ ಸುಮಾರು 1,300 ಪೌಂಡ್ ಕೊಟ್ಟು ಒಂದು ಸ್ಕೂನರ್ (ಸಣ್ಣ ಹಾಯಿಹಡಗು) ಕೊಂಡ. ಖರ್ಚು ತುಂಬಿಕೊಡಲು ಇಲಾಖೆ ಒಪ್ಪಲಿಲ್ಲ. 1834ರಲ್ಲಿ ಚಿಲಿಯ ವಾಲ್ಪರೈಸೊದಲ್ಲಿ ಸ್ಕೂನರ್ ಮಾರಬೇಕಾಯಿತು. ಅತಿ ದುಡಿಮೆ, ಅವಮಾನಗಳಿಂದ ಮನಸ್ಸು ಕುಸಿದು ಹುದ್ದೆಯನ್ನೇ ಬಿಟ್ಟುಕೊಟ್ಟ. ಸ್ಟೋಕ್ಸ್‌ನ ಅಂತ್ಯ ಆತನಿಗೆ ಗೊತ್ತಿತ್ತು. ಸೋದರಮಾವ ಕ್ಯಾಸಲ್‌ರೇ ಕೂಡ 1822ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ತನಗೂ ಅದೇ ಗತಿಯೇ ಎಂಬ ಭಯ ಅವನನ್ನು ಕಾಡಿತು. ಲೆಫ್ಟಿನೆಂಟ್ ವಿಕ್‌ಹ್ಯಾಮ್ ಒಲಿಸಿ ಮತ್ತೆ ಜವಾಬ್ದಾರಿ ವಹಿಸಿಕೊಳ್ಳುವಂತೆ ಮಾಡಿದ.

ಮರಳಿದ ಮೇಲೆ 1837ರಲ್ಲಿ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿಯ ಚಿನ್ನದ ಪದಕ, 1841ರಲ್ಲಿ ಡರ್ಹಮ್‌ನಿಂದ ಸಂಸತ್ ಸ್ಥಾನ. ವ್ಯಾಪಾರಿ ಹಡಗಿನ ಮುಖ್ಯಸ್ಥರಿಗೂ ಸಹಾಯಕರಿಗೂ ಪರೀಕ್ಷೆ, ಪ್ರಮಾಣಪತ್ರ ಇರಬೇಕೆಂದು ಮಸೂದೆ ತಂದ. ಆಗ ಅದು ಗೆಲ್ಲಲಿಲ್ಲ. 1850ರ ಕಾನೂನು ಅದೇ ದಾರಿ ಹಿಡಿದು ಪರೀಕ್ಷೆಯನ್ನು ಕಡ್ಡಾಯ ಮಾಡಿತು.

1843ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್‌ನ ಗವರ್ನರ್ ಆಗಿ ಆಕ್ಲೆಂಡ್‌ಗೆ ಹೋದ. ಖಜಾನೆ ಬರಿದು, ಸೈನ್ಯ ಹೆಸರಿಗಷ್ಟೆ. ವೈರಾವ್‌ನಲ್ಲಿ ವಲಸಿಗರಿಗೂ ಮೂಲನಿವಾಸಿ ಮಾವೊರಿಗಳಿಗೂ ಆದ ಘರ್ಷಣೆಯಲ್ಲಿ ತಪ್ಪು ವಲಸಿಗರದು ಎಂದು ತೀರ್ಮಾನಿಸಿದ. ತೀರ್ಮಾನ ನ್ಯಾಯವಾದದ್ದೇ, ಆದರೆ ವಲಸಿಗರು ಆತನ ಶತ್ರುಗಳಾದರು. ಹಣವಿಲ್ಲದೆ ಸಾಲಪತ್ರ ಹೊರಡಿಸಿದ್ದು ಲಂಡನ್ನಿಗೆ ಹಿಡಿಸಲಿಲ್ಲ. 1845ರ ಮಾರ್ಚ್‌ನಲ್ಲಿ ಮಾವೊರಿ ನಾಯಕ ಹೋನೆ ಹೇಕೆಯ ಪಡೆ ಕೊರೊರಾರೆಕಾ ಪಟ್ಟಣದ ಮೇಲೆ ದಾಳಿ ಮಾಡಿತು. ಅದೇ ವರ್ಷ ಫಿಟ್ಜ್‌ರಾಯ್‌ನನ್ನು ವಾಪಸ್ ಕರೆಸಿಕೊಂಡರು. ನಂತರ ವುಲಿಚ್ ಹಡಗುಕಟ್ಟೆಯ ಮೇಲ್ವಿಚಾರಣೆ, ಉಗಿಯಂತ್ರದ ಯುದ್ಧನೌಕೆ (ಫ್ರಿಗೇಟ್) ಅರೊಗೆಂಟ್‌ನ ಪರೀಕ್ಷಾ ಪಯಣ. 1850ರಲ್ಲಿ ಆರೋಗ್ಯ ಮತ್ತು ಖಾಸಗಿ ಕಾರಣಗಳಿಗಾಗಿ ಸಮುದ್ರಸೇವೆಗೆ ವಿದಾಯ.

ಇನ್ನು ವೈಸ್ ಅಡ್ಮಿರಲ್ ಪ್ರಶ್ನೆ. ಕಮಾಂಡರ್‌ವರೆಗೆ ಬಡ್ತಿಗೆ ಆಯ್ಕೆ, ಶಿಫಾರಸು, ಅದೃಷ್ಟ ಬೇಕು. ಒಮ್ಮೆ ಪೋಸ್ಟ್ ಕ್ಯಾಪ್ಟನ್ (ದರ್ಜೆಯಲ್ಲೂ ಕ್ಯಾಪ್ಟನ್ ಆದವರು) ಪಟ್ಟಿಗೆ ಹೆಸರು ಸೇರಿತೆಂದರೆ ಆಮೇಲೆ ನಡೆಯುವುದು ಸೇವಾಹಿರಿತನದ ಲೆಕ್ಕ ಮಾತ್ರ. ಮೇಲಿನವರು ಸತ್ತಂತೆ, ನಿವೃತ್ತರಾದಂತೆ ಹೆಸರು ತಾನಾಗಿ ಮೇಲೇರುತ್ತದೆ. ಹಾಗಾಗಿ 29ನೇ ವಯಸ್ಸಿಗೇ ಕ್ಯಾಪ್ಟನ್ ಆದವನಿಗೆ ಬದುಕಿದ್ದರೆ ಸಾಕಿತ್ತು. 1857ರಲ್ಲಿ ರಿಯರ್ ಅಡ್ಮಿರಲ್, 1863ರಲ್ಲಿ ವೈಸ್ ಅಡ್ಮಿರಲ್. ಈ ದರ್ಜೆಗಳಲ್ಲಿ ಆತ ಯಾವ ನೌಕಾದಳವನ್ನೂ ನಡೆಸಲಿಲ್ಲ.

ಹವಾಮಾನ ಇಲಾಖೆಯನ್ನು ಕಟ್ಟಿದ್ದು ಆತನೇ, ನಿಜ. 1853ರ ಬ್ರಸೆಲ್ಸ್ ಸಮ್ಮೇಳನದಲ್ಲಿ ಹಲವು ದೇಶಗಳು ಹಡಗುಗಳ ಹವಾಮಾನ ದಾಖಲೆಯನ್ನು ಒಂದೇ ರೀತಿ ಬರೆಯಲು ಒಪ್ಪಿದ ಮೇಲೆ, 1854ರಲ್ಲಿ ಬ್ರಿಟನ್ನಿನ ವ್ಯಾಪಾರ ಮಂಡಳಿಯಡಿ ಕಚೇರಿ ತೆರೆಯಿತು. ಕೆಲಸ ಅಂಕಿಅಂಶ ಕೂಡಿಸುವುದಷ್ಟೆ: ಪರೀಕ್ಷಿಸಿದ ಉಪಕರಣಗಳನ್ನು ಹಡಗುಗಳಿಗೆ ಕೊಡಬೇಕು, ಲಾಗ್ ಪುಸ್ತಕ (ಪಯಣದ ದಿನಚರಿ) ತರಿಸಬೇಕು, ಯಾವ ಸಮುದ್ರದಲ್ಲಿ ಯಾವ ತಿಂಗಳು ಯಾವ ಗಾಳಿ ಎಂದು ಪಟ್ಟಿ ಮಾಡಬೇಕು. ಅದನ್ನು ದಾಟಿ ಹೋಗುವ ಅಧಿಕಾರವೂ ಆತನಿಗಿರಲಿಲ್ಲ, ಹೋಗದೆ ಸುಮ್ಮನಿರುವ ಸ್ವಭಾವವೂ ಆತನದಲ್ಲ.

ಮೊದಲ ಹೆಜ್ಜೆ ಮೀನುಗಾರರ ಬಂದರುಗಳಲ್ಲಿ ಎಲ್ಲರಿಗೂ ಕಾಣುವಂತೆ ಬ್ಯಾರೋಮೀಟರ್ ನೆಡಿಸಿದ್ದು. ಅದರ ಮೇಲೆ ಕೆತ್ತಿಸಿದ ಸೂಚನೆಗಳ ಸಾರ ಇಷ್ಟು: ಏರಿದರೆ ಉತ್ತರದ ಕಡೆಯ ಒಣ ಗಾಳಿ ಅಥವಾ ಗಾಳಿ ಕಡಿಮೆ, ಇಳಿದರೆ ದಕ್ಷಿಣ-ಪಶ್ಚಿಮದ ಕಡೆಯ ತೇವ ಅಥವಾ ಜೋರು ಗಾಳಿ, ಈಶಾನ್ಯದ ಮಳೆಗಾಳಿ ಮಾತ್ರ ಇದಕ್ಕೆ ಹೊರತು. ಬಹಳ ಇಳಿದ ಮೇಲಿನ ಮೊದಲ ಏರಿಕೆಯನ್ನು ನಂಬಬಾರದು, ಹಲವು ಸಲ ಜೋರು ಗಾಳಿ ಬರುವುದೇ ಆಗ. ನಿಧಾನ ಇಳಿದದ್ದು ಬಹುಕಾಲ ಇರುತ್ತದೆ, ಥಟ್ಟನೆ ಇಳಿದದ್ದು ಬೇಗ ಮುಗಿಯುತ್ತದೆ. ಪಾದರಸ ಯಾವ ಗುರುತಿನಲ್ಲಿದೆ ಎಂಬುದಕ್ಕಿಂತ ಎತ್ತ ಸಾಗುತ್ತಿದೆ, ಎಷ್ಟು ವೇಗದಲ್ಲಿ ಎಂಬುದೇ ಮುಖ್ಯ ಎಂದು ಆತ ಮತ್ತೆ ಮತ್ತೆ ಬರೆದ.

ನಿಮ್ಮ ಮನೆಯ ಉಪಕರಣ ಬಹುಶಃ ಆತ ಸತ್ತ ಮೇಲೆ ವ್ಯಾಪಾರಿಗಳು ಆತನ ಹೆಸರು ಹಾಕಿ ಅಗ್ಗಕ್ಕೆ ಮಾರಿದ ಮನೆಬಳಕೆಯ ಬಗೆ. ಅದು ಕೆಟ್ಟಿರಬೇಕಿಲ್ಲ. ಗುರುತುಗಳನ್ನು ಸಮುದ್ರಮಟ್ಟಕ್ಕೆ ಹಾಕಿರುತ್ತಾರೆ. ಅಲ್ಲಿ ಪಾದರಸ ಸಾಮಾನ್ಯವಾಗಿ 29.9 ಇಂಚಿನ ಆಸುಪಾಸು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದು 27 ಇಂಚಿನ ಹತ್ತಿರ ನಿಲ್ಲುತ್ತದೆ, ಎಂದರೆ ಪಟ್ಟಿಯ ತಳಕ್ಕೇ. ಓದಿದ ಅಂಕಿಗೆ 3 ಇಂಚು ಕೂಡಿಸಿಕೊಳ್ಳಿ. ಇನ್ನೊಂದು ವಿಷಯ: ನಮ್ಮ ಉಷ್ಣವಲಯದಲ್ಲಿ ಪಾದರಸ ದಿನಾ ಬೆಳಿಗ್ಗೆ 10ರ ಸುಮಾರಿಗೆ ಏರಿ ಸಂಜೆ 4ರ ಸುಮಾರಿಗೆ 0.1 ಇಂಚಿನಷ್ಟು ಇಳಿಯುತ್ತದೆ. ಹಾಗಾಗಿ ಇಂದಿನ 10 ಗಂಟೆಯನ್ನು ನಿನ್ನೆಯ 10 ಗಂಟೆಯೊಂದಿಗೇ ಹೋಲಿಸಬೇಕು. ಇಂಗ್ಲೆಂಡಿನ ಗಾಳಿದಿಕ್ಕಿನ ಸೂಚನೆಗಳು ಇಲ್ಲಿಗೆ ಹೊಂದುವುದಿಲ್ಲ. ಉಪಕರಣವನ್ನು ಅಡ್ಡ ಮಲಗಿಸಬೇಡಿ, ಬಿಚ್ಚಬೇಡಿ. ಪಾದರಸ ವಿಷ.

1859ರ ಅಕ್ಟೋಬರ್ 25-26ರ ರಾತ್ರಿ ಆಸ್ಟ್ರೇಲಿಯಾದಿಂದ ಚಿನ್ನ ಹೊತ್ತು ಬರುತ್ತಿದ್ದ ರಾಯಲ್ ಚಾರ್ಟರ್ ಹಡಗು ವೇಲ್ಸ್‌ನ ಆಂಗಲ್‌ಸೀ ದಂಡೆಗೆ ಬಡಿದು ಸುಮಾರು 450 ಜನ ಸತ್ತರು. ಅದೇ ಬಿರುಗಾಳಿಗೆ 133 ಹಡಗುಗಳು ಮುಳುಗಿದವು. ಬೇರೆ ಬೇರೆ ಕಡೆಯ ದಾಖಲೆ ಜೋಡಿಸಿ, ಆ ಗಾಳಿ ಸುರುಳಿಯಾಗಿ ಸುತ್ತುತ್ತ ಮುಂದೆ ಸಾಗಿತ್ತೆಂದೂ ತಂತಿ ಸಂದೇಶ ಅದಕ್ಕಿಂತ ಮುಂದೆ ಓಡಬಲ್ಲದಾಗಿತ್ತೆಂದೂ ಫಿಟ್ಜ್‌ರಾಯ್ ತೋರಿಸಿದ. ಎಚ್ಚರಿಕೆ ವ್ಯವಸ್ಥೆಗೆ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಡಚ್ಚರು ಮೊದಲಿಗರು. ಹವಾಮಾನ ವಿಜ್ಞಾನಿ ಬಾಯ್ಸ್ ಬ್ಯಾಲೊಟ್ ಅಲ್ಲಿ 1860ರಲ್ಲೇ ಆರಂಭಿಸಿದ್ದ.

ಕೆಲಸ ನಡೆದದ್ದು ಹೀಗೆ. ಕರಾವಳಿಯ ಕೇಂದ್ರಗಳು ಬೆಳಿಗ್ಗೆ ವಾಯುಭಾರ, ಉಷ್ಣತೆ, ಗಾಳಿಯ ದಿಕ್ಕು ಮತ್ತು ಬಲ, ಮೋಡಗಳ ವಿವರವನ್ನು ತಂತಿಯಲ್ಲಿ ಕಳಿಸುತ್ತಿದ್ದವು. 10 ಗಂಟೆಗೆ ಲಂಡನ್ನಿನ ಪಾರ್ಲಿಮೆಂಟ್ ಸ್ಟ್ರೀಟ್ ಕಚೇರಿಯಲ್ಲಿ ಪ್ರತಿ ಅಂಕಿಗೂ ಉಪಕರಣದ ದೋಷ, ಉಷ್ಣತೆ, ಎತ್ತರಗಳ ತಿದ್ದುಪಡಿ ಮಾಡಿ ಒಂದೇ ಹಾಳೆಗೆ ಏರಿಸುತ್ತಿದ್ದರು. ಫಿಟ್ಜ್‌ರಾಯ್ ಅಥವಾ ಸಹಾಯಕ ಬ್ಯಾಬಿಂಗ್ಟನ್ ಅದನ್ನು ಓದಿ ತೀರ್ಮಾನಿಸಬೇಕು. 11ಕ್ಕೆ ವರದಿ ಹೊರಡಬೇಕು. ಅಪಾಯ ಕಂಡರೆ ಬಂದರುಗಳಿಗೆ ತಂತಿ ಹೋಗುತ್ತಿತ್ತು, ಅಲ್ಲಿ ಕಂಬಕ್ಕೆ ಕಪ್ಪು ಕ್ಯಾನ್ವಾಸಿನ ಶಂಕು ಅಥವಾ ಡ್ರಮ್ ಏರುತ್ತಿತ್ತು. ತುದಿ ಮೇಲಾದ ಶಂಕು ಎಂದರೆ ಗಾಳಿ ಉತ್ತರದ ಕಡೆಯಿಂದ, ತುದಿ ಕೆಳಗಾದರೆ ದಕ್ಷಿಣದಿಂದ. ಡ್ರಮ್ ಮಾತ್ರ ಇದ್ದರೆ ಒಂದಾದ ಮೇಲೊಂದು ಬಿರುಗಾಳಿ. ಎರಡೂ ಏರಿದರೆ ಅಪಾಯಕರ ಗಾಳಿ. ಅದು ಮೊದಲು ಎತ್ತಣಿಂದ ಎಂಬುದನ್ನು ಶಂಕುವಿನ ತುದಿಯೇ ಹೇಳುತ್ತದೆ. ರಾತ್ರಿ ಇವೇ ಆಕಾರಗಳನ್ನು ಲಾಂದ್ರಗಳಿಂದ ತೋರಿಸುತ್ತಿದ್ದರು. ಬಾವುಟವಾದರೆ ಗಾಳಿ ಇಲ್ಲದಾಗ ಜೋತು ಬೀಳುತ್ತದೆ, ಪಕ್ಕದಿಂದ ನೋಡಿದರೆ ಕಾಣುವುದಿಲ್ಲ. ಶಂಕುವೂ ಡ್ರಮ್ಮೂ ಯಾವ ಬದಿಯಿಂದ ನೋಡಿದರೂ ಒಂದೇ.

ಮೊದಲ ಎಚ್ಚರಿಕೆ ಹೊರಟದ್ದು 1861ರ ಫೆಬ್ರವರಿ 6ರಂದು. ಫೆಬ್ರವರಿ 9ರಂದು ಈಶಾನ್ಯ ಕರಾವಳಿಗೆ ಭಾರಿ ಗಾಳಿ ಬಡಿಯಿತು. ವಿಟ್ಬಿಯಲ್ಲಿ ರಕ್ಷಣಾ ದೋಣಿಯ 13 ಜನರಲ್ಲಿ 12 ಜನ ಸತ್ತರು. ಅದೇ ವರ್ಷದ ಆಗಸ್ಟ್ 1ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಆತನ ಮೊದಲ ದೈನಂದಿನ ಮುನ್ಸೂಚನೆ ಬಂತು.

ದೋಷ ಎಲ್ಲಿತ್ತು? ಬ್ರಿಟನ್ನಿನ ಬಿರುಗಾಳಿಗಳು ಹೆಚ್ಚಾಗಿ ಪಶ್ಚಿಮದಿಂದ ಬರುತ್ತವೆ. ಆ ಕಡೆ ಇರುವುದು ಬರೀ ಅಟ್ಲಾಂಟಿಕ್. ಅಲ್ಲಿಂದ ತಂತಿ ಕಳಿಸುವವರು ಯಾರೂ ಇಲ್ಲ. ಐರ್ಲೆಂಡ್‌ನ ಪಶ್ಚಿಮ ದಂಡೆಯಲ್ಲಿ ಪಾದರಸ ಇಳಿಯುವ ಹೊತ್ತಿಗೆ ಗಾಳಿ ಬಾಗಿಲಿಗೇ ಬಂದಿರುತ್ತಿತ್ತು. ದಿನಕ್ಕೆ ಒಂದೆರಡು ವೀಕ್ಷಣೆಗಳ ನಡುವೆ ಹುಟ್ಟಿದ ಗಾಳಿ ಕಾಣುತ್ತಲೇ ಇರಲಿಲ್ಲ. ಲೆಕ್ಕದಿಂದ ಸಾಧಿಸಿ ತೋರಿಸುವ ಸಿದ್ಧಾಂತವೂ ಆಗ ಇರಲಿಲ್ಲ. ಆತ ನೆಚ್ಚಿದ್ದು ಅನುಭವ ಮತ್ತು ಹೋಲಿಕೆಯನ್ನು. ವಿಜ್ಞಾನಿಗಳ ಆಕ್ಷೇಪ ಇದೇ, ಅದರಲ್ಲಿ ಹುರುಳಿತ್ತು. ಬಂದರಿನ ಎಚ್ಚರಿಕೆಗೂ ಪತ್ರಿಕೆಯ ಮುನ್ಸೂಚನೆಗೂ ಇರುವ ಅಂತರವನ್ನು ಆತ ಬಿಡಿಸಿ ಹೇಳಲಿಲ್ಲ ಎಂಬುದು ನನ್ನ ಅಭಿಪ್ರಾಯ. ಸುಳ್ಳಾದ ಎಚ್ಚರಿಕೆಗೆ ತೆರುವುದು ಒಂದು ದಿನದ ದುಡಿಮೆ, ಕೊಡದ ಎಚ್ಚರಿಕೆಗೆ ತೆರುವುದು ಜೀವ. ಪತ್ರಿಕೆಯಲ್ಲಿ ಸುಳ್ಳಾದ ಮುನ್ಸೂಚನೆ ಮಾತ್ರ ದಿನಾ ಟೀಕೆಗೆ ದಾರಿ ಮಾಡಿತು.

ಟೀಕೆ, ದಣಿವು, ಸಾಲಗಳ ನಡುವೆ ಆತನ ಖಿನ್ನತೆ ಮರಳಿತು. 1865ರ ಏಪ್ರಿಲ್ 30ರಂದು ಲಂಡನ್ ಬಳಿಯ ಅಪ್ಪರ್ ನಾರ್‌ವುಡ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಸುಮಾರು 6,000 ಪೌಂಡ್ ಸ್ವಂತ ಹಣ ಸಾರ್ವಜನಿಕ ಕೆಲಸಕ್ಕೆ ಕರಗಿತ್ತು. ಕುಟುಂಬಕ್ಕಾಗಿ ಕೂಡಿಸಿದ ನಿಧಿಗೆ ಡಾರ್ವಿನ್ 100 ಪೌಂಡ್ ಕೊಟ್ಟ.

ಫ್ರಾನ್ಸಿಸ್ ಗಾಲ್ಟನ್ ನೇತೃತ್ವದ ಸಮಿತಿಯ ವರದಿಯ ನಂತರ 1866ರಲ್ಲಿ ಮುನ್ಸೂಚನೆಯ ಜತೆಗೆ ಬಿರುಗಾಳಿ ಎಚ್ಚರಿಕೆಯೂ ನಿಂತಿತು. ಬಂದರುಗಳಿಂದ ಪ್ರತಿಭಟನೆ ಬಂದು ಎಚ್ಚರಿಕೆ 1867ರಲ್ಲೇ ಮರಳಿತು. ದೈನಂದಿನ ಮುನ್ಸೂಚನೆ ಸಾರ್ವಜನಿಕರಿಗೆ ಮತ್ತೆ ಸಿಕ್ಕಿದ್ದು 1879ರಲ್ಲಿ. 1881ರ ಅಕ್ಟೋಬರ್ 14ರಂದು ಸ್ಕಾಟ್ಲೆಂಡ್‌ನ ಐಮತ್ ಮತ್ತು ನೆರೆಯ ಬಂದರುಗಳ ಮೀನುಗಾರರು ಬ್ಯಾರೋಮೀಟರ್ ಇಳಿದದ್ದನ್ನು ಕಂಡೂ ಕಡಲಿಗಿಳಿದರು. 189 ಜನ ಹಿಂದಿರುಗಲಿಲ್ಲ.

ಭಾರತದಲ್ಲಿ 1864ರ ಅಕ್ಟೋಬರ್‌ನ ಕಲ್ಕತ್ತಾ ಚಂಡಮಾರುತದ ಮರುವರ್ಷವೇ ಆ ಬಂದರಿಗೆ ಎಚ್ಚರಿಕೆ ವ್ಯವಸ್ಥೆ ಬಂತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ನಮ್ಮ ಬಂದರುಗಳ ಸಂಕೇತಗಳಲ್ಲಿ ಹಗಲಿಗೆ ನಿಗದಿಯಾಗಿರುವುದು ಶಂಕು ಮತ್ತು ಸಿಲಿಂಡರ್, ರಾತ್ರಿಗೆ ಕೆಂಪು-ಬಿಳಿ ದೀಪ. ಸಂಖ್ಯೆ 1ರಿಂದ 11ರವರೆಗೆ. 1 ಎಂದರೆ ದೂರದ ಕಡಲಿನಲ್ಲಿ ವಾಯುಭಾರ ಕುಸಿತ. 3 ಎಂದರೆ ಬಂದರಿಗೇ ಬಿರುಸಿನ ಗಾಳಿಯ ಭೀತಿ. 11 ಎಂದರೆ ಹವಾಮಾನ ಕೇಂದ್ರದೊಂದಿಗೆ ಸಂಪರ್ಕವೇ ಕಡಿದಿದೆ ಎಂದರ್ಥ.